ರಾಣಿ ಹಿಡಿದ ಮೂವತ್ತೇಳನೆಯ ಕಳ್ಳ

ನಮ್ಮಪ್ಪನನ್ನು ಊರೆಲ್ಲ ನಾಯಿಸಾಹೇಬ ಎನ್ನುತ್ತಿತ್ತು. ಪೊಲೀಸ್ ನಾಯಿ ರಾಣಿಯ ಹಗ್ಗವನ್ನು ಒಂಬತ್ತು ವರ್ಷ ಹಿಡಿದವರು ಅವರೇ. ಅವಳಿಗೆ ಕೊಡುವ ಮರ್ಯಾದೆಯಲ್ಲಿ ಕಾಲುಭಾಗ ತನಗೆ ಸಿಕ್ಕಿದ್ದರೂ ಸಾಕಿತ್ತು ಎಂದು ಅಮ್ಮ ಗೊಣಗುತ್ತಿದ್ದಳು.

ನಿವೃತ್ತರಾದ ಮೇಲೆ ಪೊಲೀಸ್ ಮ್ಯೂಸಿಯಂ ನೋಡಿಕೊಳ್ಳುವ ಕೆಲಸ ಸಿಕ್ಕಿತು. ತುಕ್ಕು ಹಿಡಿದ ಕೈಕೋಳ, ಹಿತ್ತಾಳೆಯ ಸೀಟಿ, ಕುದುರೆಯ ಜೀನು ಎಲ್ಲವನ್ನೂ ಪ್ರೀತಿಯಿಂದ ಒರೆಸುತ್ತಿದ್ದರು. ಮೂಲೆಯ ಗಾಜಿನ ಪೆಟ್ಟಿಗೆಯ ಬಳಿ ಬಂದಾಗ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ರಾಣಿಯ ಕೊರಳಪಟ್ಟಿ, ಪದಕ, ಕೆಳಗೊಂದು ಫಲಕ: ‘ಮೂವತ್ತೇಳು ಕಳ್ಳರನ್ನು ಹಿಡಿದ ರಾಣಿ’.

ಮೂವತ್ತೇಳನೆಯವರು ಕಳ್ಳರೇ ಅಲ್ಲ, ಠಾಣೆ ಹತ್ತಿರದ ಹೋಟೆಲಿನ ಅಡುಗೆಯವರು. ಎದುರಿನ ಗಡಿಯಾರದ ಅಂಗಡಿಯಲ್ಲಿ ಕಳವಾದಾಗ ರಾಣಿ ನೆಲ ಮೂಸಿ, ರಸ್ತೆ ದಾಟಿ, ನೇರ ಅವರ ಮುಂದೆ ಹೋಗಿ ಕುಳಿತಳು. ಅಪ್ಪನ ಕಣ್ಣು ತಪ್ಪಿಸಿ ದಿನಾ ಹಿಂಬಾಗಿಲಲ್ಲಿ ಮೂಳೆ ಹಾಕುತ್ತಿದ್ದ ಕೈ ಅದು, ಇನ್ನೆಲ್ಲಿ ಕೂತಾಳು? ಪಾಪ, ಅಡುಗೆಯವರು ಎರಡು ವರ್ಷ ಜೈಲಿನಲ್ಲಿ ಕೊಳೆತರು. ನಿಜವಾದ ಕಳ್ಳ ಸಿಕ್ಕಿಬಿದ್ದ ಮೇಲೆ ಅವರನ್ನು ಬಿಟ್ಟರು. ಫಲಕ ಮಾತ್ರ ಜಪ್ಪಯ್ಯ ಎಂದರೂ ಬದಲಾಗಲಿಲ್ಲ.

ಹೋದ ವರ್ಷ ಅಪ್ಪ ‘ಮೂವತ್ತೇಳು’ ಕೆರೆದು ‘ಮೂವತ್ತಾರು’ ಎಂದು ಬರೆದೇಬಿಟ್ಟರು. ಹೊಸ ಅಧಿಕಾರಿ ಕರೆಸಿದರು.

“ಸತ್ತಿರೋ ನಾಯಿ ಮರ್ಯಾದೆ ಯಾಕ್ರೀ ತೆಗೀತೀರಾ?”

“ರಾಣಿದೇನೂ ತಪ್ಪಿಲ್ಲ ಸಾರ್. ಅವಳಿಗೆ ಮೂಳೆ ಗೊತ್ತಿತ್ತು, ಕಾನೂನು ಗೊತ್ತಿರ್ಲಿಲ್ಲ. ತಪ್ಪು ನಮ್ದು.”

“ಹಳೇದನ್ನೇ ಬರೀರಿ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ.”

ಅಪ್ಪ ಬೀಗದ ಕೈ ಮೇಜಿನ ಮೇಲಿಟ್ಟು ಬಂದರು. ಮಾರನೆಯ ದಿನ ಟಿಕೆಟ್ ಕೊಂಡು ಒಳಗೆ ಹೋದರು. ಆವತ್ತಿನಿಂದ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು ಬಂದವರಿಗೆಲ್ಲ ಅಡುಗೆಯವರ ಕಥೆ ಹೇಳುವುದೇ ಕೆಲಸ. ಕಾವಲುಗಾರ ತಡೆದರೆ, “ಬಾಯಿ ಬಿಡ್ಬಾರ್ದು ಅಂತ ಟಿಕೆಟ್ ಮೇಲೆ ಬರ್ದಿದೆಯೇನಪ್ಪಾ?” ಎನ್ನುತ್ತಿದ್ದರು. ನನಗಂತೂ ಹೆಮ್ಮೆಯೋ ಹೆಮ್ಮೆ. ನಾನೂ ಜೊತೆಗೆ ಹೋಗಿ ನಿಲ್ಲತೊಡಗಿದೆ.

ಒಂದು ಮಧ್ಯಾಹ್ನ ಅಡುಗೆಯವರೇ ಬಂದರು. ತಲೆ ಪೂರ್ತಿ ನೆರೆತಿತ್ತು. ಕಥೆಯನ್ನು ಕೊನೆತನಕ ಕೇಳಿದರು.

“ಅದು ಮೂಳೆಗೆ ಬಂದಿದ್ದು ಅಂತ ನಾನೂ ಬಡ್ಕೊಂಡೆ. ನಿಮಗೆ ಯಾವಾಗ ಗೊತ್ತಾಯ್ತು?”

ಅಪ್ಪ ತಲೆ ತಗ್ಗಿಸಲಿಲ್ಲ. “ನಿಮ್ಮನ್ನ ಹಿಡಿದ ಎಂಟನೇ ದಿನ. ಹಗ್ಗ ಬಿಚ್ಚಿದ ತಕ್ಷಣ ನಿಮ್ಮ ಅಡುಗೆಮನೆ ಹಿಂಬಾಗಿಲಿಗೆ ಓಡಿಹೋಗಿ ಕೂತ್ಕೊಂಡ್ಳು. ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ.”

ಈ ಮಾತನ್ನು ನಾನೂ ಕೇಳಿರಲಿಲ್ಲ. ನಾನು ಬೆಳೆದದ್ದು ಆ ಕೆಲಸದ ಅನ್ನ ಉಂಡೇ. ಅಪ್ಪನ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

“ಹಾಗಾದ್ರೆ ಅದನ್ನೂ ಸೇರ್ಸಿ ಹೇಳಿ,” ಎಂದು ಅಡುಗೆಯವರು ಬೆಂಚಿನ ಮೇಲೆ ಕುಳಿತರು.

ಅಷ್ಟರಲ್ಲಿ ಶಾಲೆಯ ಮಕ್ಕಳ ಸಾಲು ಒಳಗೆ ಬಂತು. ಅಪ್ಪ ಈ ಸಲ ಎಂಟನೆಯ ದಿನದಿಂದಲೇ ಕಥೆ ಶುರುಮಾಡಿದರು.