ಗುಂಡಿ ಒತ್ತಿದ ಮೇಲೆ ಒಂದು ಉಸಿರು

ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ವಾಕಿಟಾಕಿಯ ಗುಂಡಿ ಒತ್ತಿದವನೇ ಗಡಬಡಿಸಿ ಏನೋ ಹೇಳಿದ. ಆ ಕಡೆಯವನು "ಕ್ಯಾ? ಫಿರ್ ಬೋಲೋ" ಎಂದ. ಮೊದಲ ಮಾತು ಹಾದಿಯಲ್ಲೇ ಬಿದ್ದುಹೋಗಿತ್ತು. ನನಗೆ ನಗು ಬಂತು. ನೋಡಿ, ನಾನು ಕಾಣಲು ಹೊರಟಿದ್ದ ಗೆಳೆಯ ಶ್ರೀಪಾದ ಅಲ್ಲಿದ್ದಿದ್ದರೆ ಆ ಕಾವಲುಗಾರನಿಗೆ ನಿಂತಲ್ಲೇ ಪಾಠ ಶುರುಮಾಡುತ್ತಿದ್ದ.

ಊರಿಗೆ ಊರೇ ಸಾಫ್ಟ್‌ವೇರಿನ ಬೆನ್ನು ಹತ್ತಿದ್ದ ಕಾಲದಲ್ಲಿ, ಕುಷಾಯಿಗೂಡದ ಒಂದು ಪುಟ್ಟ ಕಂಪನಿಯಲ್ಲಿ ನಾವಿಬ್ಬರೂ ವಾಕಿಟಾಕಿ ಮಾಡುತ್ತಿದ್ದೆವು. ಇಬ್ಬರೂ ಕಲಬುರ್ಗಿ ಕಡೆಯವರು. ಮಾಡುತ್ತಿದ್ದೆವು ಅಂದರೆ ಅವನು ಮಾಡುತ್ತಿದ್ದ, ನಾನು ಹರಟುತ್ತಿದ್ದೆ. ಅದರೊಳಗಿನ ಚಿಪ್ ಎಂದರೆ ಅವನಿಗೆ ಜೀವ. ಗುಂಡಿ ಒತ್ತಿದಾಗ ಅದು ಕೇಳುವುದನ್ನು ಬಿಟ್ಟು ಕಳಿಸುವುದಕ್ಕೆ ಹೊರಳಬೇಕು. ನಮ್ಮ ದನಿಗೆ ತಕ್ಕಂತೆ ರೇಡಿಯೊ ಅಲೆಯ ಕಂಪನವನ್ನು ತುಸು ಏರಿಳಿಸಬೇಕು. ಜೊತೆಗೆ ನಮ್ಮ ಕಿವಿಗೆ ಬೀಳದ ಸಣ್ಣ ಗುಂಯ್ ಸದ್ದೊಂದನ್ನು ಬೆರೆಸಬೇಕು. ಆ ಕಡೆಯ ಚಿಪ್ ಆ ಸದ್ದನ್ನು ಗುರುತು ಹಿಡಿದ ಮೇಲೆಯೇ ಸ್ಪೀಕರ್ ತೆರೆಯುತ್ತದೆ. ಅದಕ್ಕೂ ಮುಂಚೆ ಆಡಿದ್ದೆಲ್ಲ ಗಾಳಿಪಾಲು. ಕ್ಷಣದ ಕೆಲಸ, ಆದರೆ ನನ್ನಂಥ ಬಾಯಿಬಡುಕನಿಗೆ ಆ ಕ್ಷಣವೂ ತಡೆಯದು.

"ಗುಂಡಿ ಒತ್ತು, ಒಂದು ಉಸುರು ತಗೋ, ಆಮ್ಯಾಲ ಮಾತಾಡು. ಅವ್ರು ಬಾಗ್ಲಾ ತೆಗೆಯೂ ಮೊದ್ಲ ನುಗ್ಗಿದ್ರ ಹೆಂಗೋ?" ಎನ್ನುತ್ತಿದ್ದ.

ದಿನವಿಡೀ ಪರೀಕ್ಷೆ ಮಾಡಿ ಮಾಡಿ ಅದು ಅವನ ಮೈಗೇ ಹತ್ತಿತು. ಎದುರಿಗೆ ಕೂತು ಚಹಾ ಬೇಕೇನೋ ಎಂದರೂ ಒಂದು ಉಸಿರು ತಡೆದೇ ಉತ್ತರ. ಅಷ್ಟರಲ್ಲಿ ಅವನ ಉತ್ತರವನ್ನೂ ನಾನೇ ಹೇಳಿ ಮುಗಿಸಿರುತ್ತಿದ್ದೆ.

ಈ ಚಟ ಅವನ ಮದುವೆಯನ್ನೇ ಮುರಿಯುವುದರಲ್ಲಿತ್ತು. ದಿಲ್‌ಸುಖ್‌ನಗರದಲ್ಲಿ ನಮ್ಮ ಕಡೆಯವರದೇ ಮನೆ. ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಸುಧಾ ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತಿದ್ದಳು. ಇವನ ಕಿವಿ ಕೆಂಪಾದದ್ದು ಕಂಡೇ ಮನಸ್ಸಾಗಿದೆ ಎಂದು ನನಗೆ ತಿಳಿಯಿತು. ಅವಳು ನೇರವಾಗಿ ಕೇಳಿದಳು: "ಮದ್ವಿ ಆದಮ್ಯಾಲೂ ನಾ ಕೆಲಸಾ ಬಿಡಂಗಿಲ್ರಿ. ನಿಮಗ ಒಪ್ಪಿಗಿ ಐತೇನ್ರಿ?"

ಶ್ರೀಪಾದ ಸುಮ್ಮನಾದ. ಈ ಸಲದ ಉಸಿರು ಎಂದಿಗಿಂತ ಉದ್ದ. ಅವಳ ತಂದೆ ಮುಖ ಗಂಟಿಕ್ಕಿದರು. "ಒಲ್ಲೆ ಅನ್ನೂದಿದ್ರ ಒಲ್ಲೆ ಅನ್ರಿ. ಹಿಂಗ ಬಾಯಿ ಮುಚ್ಕೊಂಡು ಕುಂತ್ರ ಹೆಂಗ?" ಎಂದು ಎದ್ದೇ ನಿಂತರು. ನಾನು ನಡುವೆ ಬಾಯಿ ಹಾಕುವಷ್ಟರಲ್ಲಿ ಸುಧಾ ಅಂದಳು: "ಅಪ್ಪಾಜಿ, ತಡೀರಿ. ಅವರು ಹೇಳಾಕತ್ತಾರ."

ಅವನು ಇನ್ನೂ ಏನನ್ನೂ ಹೇಳಿರಲಿಲ್ಲ. ಆಮೇಲೆ ಹೇಳಿದ: "ನಂಗ ಅಡಿಗಿ ಬರಂಗಿಲ್ರಿ. ಕಲೀಬೇಕಲ್ಲ, ಎಲ್ಲಿಂದ ಶುರು ಮಾಡ್ಲಿ ಅಂತ ವಿಚಾರ ಮಾಡಾಕತ್ತಿದ್ದೆ."

ಅವಳ ತಂದೆ ಹಾಗೇ ಕುಳಿತುಬಿಟ್ಟರು. ಸುಧಾ ತಲೆ ತಗ್ಗಿಸಿ ನಕ್ಕಳು. ಆ ಗಳಿಗೆಯಲ್ಲಿ ನನ್ನ ಗೆಳೆಯನ ಮೇಲೆ ಉಕ್ಕಿದ ಪ್ರೀತಿ ಇಂದಿಗೂ ಇಳಿದಿಲ್ಲ.

ಇವತ್ತು ಅವನು ಸೌಟು ಹಿಡಿದೇ ಬಾಗಿಲು ತೆರೆದ. ಸುಧಾ ಇನ್ನೂ ಕ್ಲಾಸಿನಿಂದ ಬಂದಿರಲಿಲ್ಲ. ಬದನೆಕಾಯಿ ಎಣಗಾಯಿಯ ರಸವನ್ನು ನನ್ನ ಅಂಗೈಗೆ ಹಾಕಿ "ಹೆಂಗ ಆಗೈತೋ?" ಎಂದ. ಬಾಯಿಗೆ ಬಂದದ್ದನ್ನು ಅಂದುಬಿಡುವ ನಾನು ಯಾಕೋ ಒಂದು ಉಸಿರು ತಡೆದೆ.

ಅಷ್ಟಕ್ಕೇ ಅವನಿಗೆ ತಿಳಿದುಹೋಯಿತು. "ಉಪ್ಪು ಹೆಚ್ಚಾಗೈತಿ, ಹೌದಲ್ಲೊ? ಅಕಿ ಬರೋದ್ರಾಗ ಸರಿ ಮಾಡೂಣು ಬಾ" ಎಂದು ಒಲೆಯ ಕಡೆ ಓಡಿದ.