ಮಗ್ರಿಬ್ ಬಾಂಗಿಗೆ ಮುಂಚೆ ಇಳಿಯಬೇಕಾದ ಹೆಸರುಗಳು

ಸ್ಫಾಕ್ಸ್ ಪಟ್ಟಣದ ನಮ್ಮ ಔಷಧಿ ಉಗ್ರಾಣದಲ್ಲಿ ದಲೆಂದಾಳಷ್ಟು ಪುಕ್ಕಲು ಹೆಂಗಸು ಇನ್ನೊಬ್ಬಳಿರಲಿಲ್ಲ. ಮೇಲಧಿಕಾರಿ ಶಾಧ್ಲಿ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದಳು. ಯಾವ ರೋಗಿಗೆ ಯಾವ ಔಷಧಿ ಹೋಯಿತೆಂಬ ದಾಖಲೆಗಳನ್ನು ಎಕ್ಸೆಲ್ ಹಾಳೆಗೆ ಇಳಿಸಿಕೊಡುವುದು ಅವಳ ಕೆಲಸ. ಇಳಿಸುವ ಪ್ರೋಗ್ರಾಂ ಆಮೆಯಂತೆ ತೆವಳುತ್ತಿತ್ತು. ಆದರೂ ಅವಳು ಅದನ್ನು ಮುಟ್ಟಿದವಳಲ್ಲ. ಹಿಂದೆ ಮುಟ್ಟಿದವನು ದಾಖಲೆ ಕೆಡಿಸಿ, ಮರುಭೂಮಿ ಕಡೆಗೆ ವರ್ಗವಾಗಿ ಹೋಗಿದ್ದ.

ಅದು ರಮದಾನ್ ತಿಂಗಳು. ಮಧ್ಯಾಹ್ನ ಕಾರ್ಖಾನೆಯಿಂದ ಫೋನ್ ಬಂತು: ಒಂದು ಬ್ಯಾಚಿನ ಇನ್ಸುಲಿನ್‌ಗೆ ತಪ್ಪು ಲೇಬಲ್ ಬಿದ್ದಿದೆ, ಔಷಧಿ ಬರೆದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಢ. ಎಂದಿನಷ್ಟೇ ಚುಚ್ಚಿಕೊಂಡರೆ ಸಕ್ಕರೆ ಕುಸಿದು ಜೀವಕ್ಕೇ ಅಪಾಯ. ಸೂರ್ಯ ಮುಳುಗಿ ಮಗ್ರಿಬ್ ಬಾಂಗಾಗಿ ಉಪವಾಸ ಬಿಡುವ ಹೊತ್ತಿಗೆ, ಊಟಕ್ಕೆ ಮುಂಚೆ, ಎಲ್ಲರೂ ಚುಚ್ಚಿಕೊಳ್ಳುತ್ತಾರೆ.

ಬ್ಯಾಚ್ ಹಿಡಿದು ಹುಡುಕುವ ದಾರಿ ನಮ್ಮ ಹಳೇ ತಂತ್ರಾಂಶದಲ್ಲಿರಲಿಲ್ಲ. ಇಡೀ ವರ್ಷದ ದಾಖಲೆಯನ್ನು ಹಾಳೆಗಿಳಿಸಿ ಅಲ್ಲೇ ಹೆಕ್ಕಬೇಕು. ದಲೆಂದಾ ಇಳಿಸತೊಡಗಿದಳು. ಸಾಲುಗಳು ತೊಟ್ಟು ತೊಟ್ಟಾಗಿ ಬೀಳುತ್ತಿದ್ದವು.

"ಹಿಂಗೇ ಹೋದ್ರೆ ಯಾವಾಗ ಮುಗಿಯುತ್ತಮ್ಮ?" ಎಂದ ಶಾಧ್ಲಿ.

"ನಾಳೆ ಬೆಳಿಗ್ಗೆ, ಸಾರ್."

"ಅಷ್ಟೊತ್ತಿಗೆ ಹೆಣ ಹೊತ್ತು ಜನಾಜಾ ಹೊರಡುತ್ತೆ!"

ಅವಳು ಪರದೆಯತ್ತ ಬೆರಳು ಮಾಡಿದಳು. ನಾಲಿಗೆ ಒಣಗಿದ್ದರೂ ಉಪವಾಸ, ನೀರು ಕುಡಿಯುವಂತಿರಲಿಲ್ಲ. "ಇದು ಹಾಳೆಯ ಒಂದೊಂದೇ ಮನೆ ತುಂಬ್ತಿದೆ ಸಾರ್. ಒಂದು ಸಲ ತುಂಬೋದು, ಇಡೀ ಪರದೆ ಮತ್ತೆ ಬರೆಯೋದು, ಮತ್ತೆ ಲೆಕ್ಕ ಹಾಕೋದು. ಎಲ್ಲಾ ಸಾಲೂ ಮೊದಲು ಕಂಪ್ಯೂಟರ್ ನೆನಪಿನಲ್ಲಿ ಕೂಡಿಟ್ಟು ಒಟ್ಟಿಗೆ ಸುರಿದರೆ… ಆದರೆ ಇದನ್ನ ನಿಲ್ಲಿಸ್ಬೇಕು. ಇಳಿದದ್ದೂ ಹೋಗುತ್ತೆ."

"ಆಗದಿದ್ರೆ?"

"ಗೊತ್ತಿಲ್ಲ ಸಾರ್. ನಂಗೆ ಭಯ ಆಗ್ತಿದೆ."

"ನಂಗೂ ಆಗ್ತಿದೆ ಕಣಮ್ಮ. ನಿಲ್ಲಿಸು."

ಅವಳು ನಿಲ್ಲಿಸಿದಳು. ಪ್ರೋಗ್ರಾಂ ತಿದ್ದುವಾಗ ಅಕ್ಷರ ತಪ್ಪಿ, ಅಳಿಸಿ ಮತ್ತೆ ಬರೆದಳು. ಓಡಿಸಿದಾಗ ಪರದೆ ಬೆಳ್ಳಗಾಗಿ ನಿಂತುಬಿಟ್ಟಿತು.

"ಯಾ ರಬ್ಬಿ, ದೇವರೇ, ಕೊಂದೆ ನಾನು, ಎಲ್ಲರನ್ನೂ ಕೊಂದೆ," ಎಂದು ಮುಖ ಮುಚ್ಚಿಕೊಂಡಳು. ಪಕ್ಕದ ಮೇಜಿನಲ್ಲಿದ್ದ ನಾನು ಎದ್ದು ಅವಳ ಪರದೆಯತ್ತ ಬಗ್ಗಿದೆ.

ಅಷ್ಟರಲ್ಲಿ ಹಾಳೆ ಒಮ್ಮೆಲೇ ತುಂಬಿ ನಿಂತಿತು.

ಅವಳು ನಂಬಲಿಲ್ಲ. ದಾಖಲೆಯ ಮೊತ್ತಕ್ಕೆ ಹಾಳೆಯ ಸಾಲುಗಳ ಮೊತ್ತ ತಾಳೆ ನೋಡಿ, ಮತ್ತೊಮ್ಮೆ ನೋಡಿದ ಮೇಲೇ ಆ ಬ್ಯಾಚಿನವರ ಹೆಸರುಗಳನ್ನು ಹೆಕ್ಕಿ ನಮಗೆ ಹಂಚಿದಳು. ನಾವೆಲ್ಲ ಫೋನ್ ಹಿಡಿದೆವು. ಸೂರ್ಯ ಇಳಿಯುವ ಹೊತ್ತಿಗೆ ಒಬ್ಬನೇ ಉಳಿದ: ಕೆರ್ಕೆನ್ನಾ ದ್ವೀಪದ ತಿಜಾನಿ, ಒಂಟಿ ಮುದುಕ, ಆಕ್ಟೋಪಸ್ ಹಿಡಿಯುವವನು. ಅವನ ಫೋನ್ ಸತ್ತಿತ್ತು.

ದಲೆಂದಾ ದ್ವೀಪದ ಮಸೀದಿಗೇ ಫೋನ್ ಹಚ್ಚಿದಳು. "ಶೇಖ್ ಸಾಹೇಬ್ರೇ, ಬಾಂಗ್ ಕೊಡೋ ಮೊದಲು ಮೈಕಲ್ಲಿ ಕೂಗಿ! ತಿಜಾನಿ ಸೂಜಿ ಮುಟ್ಟಬಾರದು ಅಂತ. ಕಾಲು ಹಿಡಿತೀನಿ!" ಸದಾ ಪಿಸುಗುಡುವ ಹೆಂಗಸು ಅಂದು ಗಂಟಲು ಹರಿಯುವಂತೆ ಕಿರುಚಿದಳು.

ನಮ್ಮೂರಲ್ಲಿ ಉಪವಾಸ ಮುಗಿಯಿತೆಂದು ಸಾರುವ ಫಿರಂಗಿ ಹಾರಿತು. ಯಾರೂ ಖರ್ಜೂರ ಮುಟ್ಟಲಿಲ್ಲ. ಫೋನ್ ಬಾಯಿಬಿಡಲೇ ಇಲ್ಲ. ದಲೆಂದಾ ಗೋಡೆಗೊರಗಿ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಜಪಿಸುತ್ತಿದ್ದಳು.

ಕೊನೆಗೆ ಮಸೀದಿಯ ನಂಬರಿನಿಂದ ಫೋನ್ ಬಡಿದುಕೊಂಡಿತು. "ಯಾವಳವಳು, ಊರ ತುಂಬಾ ನನ್ನ ಕಾಯಿಲೆ ಡಂಗುರ ಸಾರಿಸಿದ್ದು?" ಎಂದು ಮುದುಕ ಗುಡುಗಿದ. "ಬಿಸಿ ಶೋರ್ಬಾ ಸಾರು ಮುಂದಿಟ್ಕೊಂಡು, ಸೂಜೀಲಿ ಔಷಧಿ ತುಂಬಿ ಕೂತಿದ್ದೆ!"

"ಚುಚ್ಚಿಕೊಂಡ್ರಾ ಮಾವ?"

"ಇಡೀ ಬೀದಿ ಬಂದು ಕಿತ್ಕೊಂಡ್ರೆ ಹೆಂಗೆ ಚುಚ್ಚಿಕೊಳ್ಳಲಿ?"

ದಲೆಂದಾ ನೆಲದ ಮೇಲೆ ಕುಸಿದು ಕೂತು ಬಿಕ್ಕಿದಳು. ಆಮೇಲೂ ವಾರಗಟ್ಟಲೆ, ಯಾರನ್ನೋ ಬಿಟ್ಟೆನೇನೋ ಎಂದು ಆ ಹಾಳೆಯನ್ನು ತೆರೆದು ತೆರೆದು ನೋಡುತ್ತಿದ್ದಳು.