ಸಮಾಜ ಓದಲು ಬಂದವಳು

ಆ ಹುಡುಗಿ ತಾನಾಗಿಯೇ ಹೋದಳು ಎಂದು ನಮ್ಮ ಓಣಿಯವರು ಇವತ್ತಿಗೂ ಹೇಳುತ್ತಾರೆ. ಸುಳ್ಳು. ಓಣಿಯೇ ಕಳಿಸಿತು. ಅವಳ ಪ್ರಶ್ನೆಗಳಿಂದ ಬೇಸತ್ತು ಕಳಿಸಿದೆವು ಎನ್ನುವುದೂ ಸುಳ್ಳೇ. ಅವರು ಒಂದು ಪ್ರಶ್ನೆ ಕೇಳಿದರು, ಅವಳು ತಲೆ ತಗ್ಗಿಸದೆ ಉತ್ತರ ಕೊಟ್ಟಳು, ಅದಕ್ಕೆ ಕಳಿಸಿದರು. ನಾನು ಅಲ್ಲೇ ಕೂತಿದ್ದೆ, ನನಗೆ ಯಾರೂ ಬೇರೆ ಹೇಳಬೇಕಾಗಿಲ್ಲ.

ಮೊನ್ನೆ ಸೊಸೆ ತೊಳೆಯಲೆಂದು ಸಾಸಿವೆ ಡಬ್ಬಿ ಬರಿದು ಮಾಡಿದಾಗ ಒಳಗಿನಿಂದ ಹಿತ್ತಾಳೆಯ ಚಾವಿ ಬಿತ್ತು.

“ಇದು ಯಾವ ಕೀಲಿದ್ರಿ, ಅತ್ತಿ?”

ನಮ್ಮ ಮನೆಯ ಯಾವ ಬೀಗಕ್ಕೂ ಅದು ಕೂಡುವುದಿಲ್ಲ. ಹೋಗುವ ಗಡಿಬಿಡಿಯಲ್ಲಿ ಖೋಲಿಯ ಕೀಲಿ ಆ ಹುಡುಗಿಯ ಚೀಲ ಸೇರಿತು, ಚಾವಿ ನನ್ನ ಕೈಯಲ್ಲಿ ಉಳಿಯಿತು. ಎಲ್ಲಿಡಬೇಕೆಂದು ತಿಳಿಯದೆ ಸಾಸಿವೆಯಲ್ಲಿ ಹುಗಿದಿಟ್ಟಿದ್ದೆ. ಮೂಸಿದರೆ ಅರ್ಧ ಹಿತ್ತಾಳೆ, ಅರ್ಧ ಸಾಸಿವೆ...

ಅವಳು ಬಂದದ್ದು ಬಿಸಿಲುಗಾಲದ ಕೊನೆಗೆ. ಬಸವಕಲ್ಯಾಣದ ನಮ್ಮ ಮನೆಯ ಹಿಂದೆ ಒಂದು ಖೋಲಿ ಇದೆ. ಮೊದಲು ಅದರಲ್ಲಿ ಹೊಟ್ಟು ತುಂಬುತ್ತಿದ್ದೆವು. ಎಮ್ಮೆ ಮಾರಿದ ಮೇಲೆ ಸುಣ್ಣ ಹಚ್ಚಿ ಬಾಡಿಗೆಗೆ ಕೊಡುತ್ತಿದ್ದೆ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಎರಡರಲ್ಲೂ ಪುಸ್ತಕ. ಬಾಡಿಗೆಗೆ ಬಂದವರನ್ನು ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದನ್ನೇ ನಾನೂ ಕೇಳಿದೆ.

“ನಿಂದು ಯಾವ ಸಮಾಜ?”

“ಸಮಾಜಶಾಸ್ತ್ರ ರಿ, ಆಯಿ. ಅದರ ಸಂಗಟ ಸ್ಪ್ಯಾನಿಷ್, ಪೋರ್ಚುಗೀಸ್ ಸಾಹಿತ್ಯ. ಎಂ.ಎ. ಕಡೀ ವರ್ಷ.”

“ನಾ ಓದು ಕೇಳಲಿಲ್ಲ, ತಾಯಿ. ಸಮಾಜ ಕೇಳಿದೆ.”

ಅವಳಿಗೆ ತಿಳಿಯಲಿಲ್ಲ. ಜಾತಿ ಎನ್ನುವುದಕ್ಕೆ ನಾಲಿಗೆ ಹಿಂಜರಿದಾಗ ನಮ್ಮ ಮಂದಿ ಸಮಾಜ ಎನ್ನುತ್ತಾರೆ. ಆ ಹುಡುಗಿಯ ತಂದೆ ತಾಯಿ ಕೊಡಂಬಲದವರು, ಮದುವೆಯಾದ ವರ್ಷವೇ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋದವರು. ಇವಳು ಅಲ್ಲೇ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ಪೋರ್ಚುಗೀಸ್ ಕಲಿತು, ಅದರ ಬೆನ್ನು ಹತ್ತಿ ಯೂನಿವರ್ಸಿಟಿ ತನಕ ಬಂದವಳು. ಮನೆಯ ಮಾತು ಬರುತ್ತಿತ್ತು, ಊರಿನ ಮಾತಿನ ಹೊಟ್ಟೆಯೊಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ. ಬಿಡಿಸಿ ಹೇಳಿದ ಮೇಲೆ, ತಮ್ಮದು ಬೌದ್ಧ ಸಮಾಜ, ತನ್ನ ಮುತ್ಯಾ, ತಂದೆಯ ತಂದೆ, ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಎಂದಳು.

ನಮ್ಮ ಹೊರಗೋಡೆಯಲ್ಲಿ ಒಂದು ಗೂಡು ಇದೆ. ಅತ್ತೆಯ ಕಾಲದಿಂದ ಅದರಲ್ಲಿ ಹಿಡಿಕೆ ಮುರಿದ ಒಂದು ಕಪ್ ಇರುತ್ತಿತ್ತು. ಅದು ಯಾರಿಗೆ ಎಂದು ಬರೆದಿಡಬೇಕಾಗಿಲ್ಲ. ನಾನು ಗೂಡಿನತ್ತ ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಆ ಕಪ್ಪಿನೊಳಗೆ ಜೇಡ ಬಲೆ ಕಟ್ಟಿತ್ತು, ಅದನ್ನು ತೊಳೆಯುವುದಕ್ಕೆ ನನಗೆ ಬೇಸರ ಬಂತು. ಒಳಗಿನ ಕಪ್ಪುಬಸಿಯಲ್ಲೇ ಚಹಾ ಕೊಟ್ಟೆ. ದೊಡ್ಡ ಮನಸ್ಸು ಮಾಡಿದೆ ಎಂದು ಯಾರೂ ತಿಳಿಯಬೇಡಿ, ಬೇಸರ ಅಷ್ಟೇ. ಮರುದಿನವೂ ಅದರಲ್ಲೇ ಕೊಟ್ಟೆ. ಆಮೇಲೆ ಅದೇ ರೂಢಿಯಾಯಿತು.

ಚಾವಿ ಕೈಗಿಟ್ಟಾಗ ಅವಳು ನಕ್ಕಳು. “ಪೋರ್ಚುಗಲ್ಲಿನಾಗೂ ಇದಕ್ಕ ಶಾವಿ ಅಂತಾರ್ರಿ, ಆಯಿ. ಆ ಮಂದಿ ಹಡಗಿನಾಗ ತಂದ ಶಬ್ದ.”

“ತಂದ್ರ ತರಲಿ. ರಾತ್ರಿ ಬಾಗಿಲಾ ಹಾಕ್ಕೊಂಡು ಮಲಕೋ.”

ಅವಳು ಇಲ್ಲಿಗೆ ಬಂದ ಕೆಲಸ ಇದು. ಪೋರ್ಚುಗಲ್, ಬ್ರೆಜಿಲ್ ಎಂಬ ದೇಶಗಳ ಪುಸ್ತಕಗಳಲ್ಲಿ ಕೂಲಿ ಹೆಂಗಸರ ಕಥೆಗಳಿವೆಯಂತೆ. ನಮ್ಮ ಕಡೆಯಿಂದ ಗೋವಾಕ್ಕೆ ಕೂಲಿಗೆ ಹೋಗಿ ಬಂದ ಹೆಂಗಸರ ಮಾತು ಕೇಳಿ, ಆ ಕಥೆಗಳ ಪಕ್ಕದಲ್ಲಿಟ್ಟು ಬರೆಯಬೇಕು. ಗೋವಾದಲ್ಲಿ ಅವರು ಕೂಲಿಯವರ ಮೇಲೆ ನಿಂತು ಕೆಲಸ ಮಾಡಿಸುವ ಮುಕಾದಮನ ಕಣ್ಣೆದುರು ಬಾಯಿ ಬಿಡುವುದಿಲ್ಲ, ಅದಕ್ಕೇ ಅವರ ಊರಿಗೇ ಬಂದಿದ್ದಳು. “ಹೆಂಗಸರ ಮಾತು ಸಿಗಲಿಲ್ಲಂದ್ರ ನನ್ನ ಓದು ಅರ್ಧಕ್ಕ ನಿಂದರ್ತದ, ಆಯಿ,” ಎಂದಿದ್ದಳು.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಮಧ್ಯಾಹ್ನ ನನ್ನ ಅಂಗಳದಲ್ಲಿ ಹೆಂಗಸರು ಶೇಂಗಾ ಸುಲಿಯುತ್ತ ಕೂಡುತ್ತಿದ್ದರು. ಅವಳು ಪುಸ್ತಕ ತೆರೆದು ಆ ದೇಶದ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು. ಎದುರು ಮನೆಯ ಹೆಂಗಸು ಎಲ್ಲರಿಗಿಂತ ಬಾಯಿಬಡುಕಿ.

“ಅಲ್ಲೂ ಮುಕಾದಮ ಇರ್ತಾನೇನ?”

“ಇರ್ತಾನ್ರಿ, ಕಾಕು. ಹೆಸರು ಬ್ಯಾರೆ.”

“ಹೆಸರು ಏನರ ಇರಲಿ, ಕಣ್ಣು ಎಲ್ಲಿ ಇಟ್ಟಿರ್ತಾನ ಕೇಳು.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಪಗಾರ ಎಂಬ ಶಬ್ದವೂ ಪೋರ್ಚುಗೀಸರದೇ, ಆ ಭಾಷೆಯಲ್ಲಿ ಅದಕ್ಕೆ ಹಣ ಕೊಡುವುದು ಎಂದು ಅರ್ಥ ಎಂದಳು ಹುಡುಗಿ. ಎದುರು ಮನೆಯಾಕೆ ಸಿಪ್ಪೆ ಕೊಡವಿ, “ಅಲ್ಲಿ ಕೊಡ್ತಾರ, ಇಲ್ಲಿ ಬರೇ ಅಂತಾರ,” ಎಂದಳು. ಆಮೇಲೆ ನಗು ನಿಂತಿತು. ಗೋವಾದಲ್ಲಿ ಮೂರನೇ ಮಾಳಿಗೆಗೆ ಇಟ್ಟಿಗೆ ಹೊರುವಾಗ ಹೊಟ್ಟೆಯಲ್ಲಿದ್ದ ಕೂಸು ಹೋದದ್ದನ್ನು, ಅದರ ಮರುದಿನವೇ ಮತ್ತೆ ಬುಟ್ಟಿ ಹೊತ್ತದ್ದನ್ನು ಆಕೆ ಹೇಳಿದಳು. ನಾನು ಇಷ್ಟು ವರ್ಷ ಎದುರಿಗಿದ್ದೂ ಅದನ್ನು ಕೇಳಿರಲಿಲ್ಲ. ಹುಡುಗಿಯ ಫೋನು ಶೇಂಗಾದ ಮೊರದ ಪಕ್ಕದಲ್ಲಿ ಎಲ್ಲವನ್ನೂ ತುಂಬಿಕೊಳ್ಳುತ್ತಿತ್ತು.

ಕೆಟ್ಟದ್ದು ನಳದ ಹತ್ತಿರ. ನೀರಿಗೆ ಬಂದ ಹೊಸ ಹೆಂಗಸರಿಗೆ ಅವಳು, “ನಾ ಸಮಾಜದ ಅಭ್ಯಾಸ ಮಾಡಾಕತ್ತೇನ್ರಿ, ನಿಮ್ಮ ಸಮಾಜದ ಬಗ್ಗೆ ಕೇಳಬೇಕಿತ್ತು,” ಎಂದಳಂತೆ. ಒಮ್ಮೆ ಬಿಡಿಸಿ ಹೇಳಿದ್ದೆನಲ್ಲ... ಆದರೂ ಪುಸ್ತಕದ ಶಬ್ದ ಬಾಯಿಗೆ ಮೊದಲು ಬಂದುಬಿಟ್ಟಿತು. ಕೊಡ ತುಂಬುವುದರೊಳಗೆ ಸುದ್ದಿ ಓಣಿ ದಾಟಿತು. ಮನೆಮನೆಯ ಜಾತಿ ಬರೆದುಕೊಳ್ಳುತ್ತಾಳೆ, ಯಾರಿಗೂ ತಿಳಿಯಬಾರದೆಂದು ಪರದೇಶದ ಭಾಷೆಯಲ್ಲಿ ಫೋನಿನಲ್ಲಿ ಹೇಳುತ್ತಾಳೆ. ಸಂಜೆ ಅವಳು ತನ್ನ ಗುರುಗಳ ಜೊತೆ ಆ ಭಾಷೆಯಲ್ಲಿ ಮಾತಾಡುವುದನ್ನು ಎಲ್ಲರೂ ಕೇಳಿದ್ದರು. ಒಂದು ಅಕ್ಷರ ತಿಳಿಯದ್ದಕ್ಕೆ ಎಲ್ಲವೂ ತಮ್ಮ ಬಗ್ಗೆಯೇ ಎಂದುಕೊಂಡರು.

ಆ ಸಂಜೆ ಓಣಿಯ ಗೌಡರು ನಾಲ್ಕು ಮಂದಿಯನ್ನು ಕರೆದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಯಾರೂ ಜೋರು ಮಾಡಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಹುಡುಗಿ ತಾನೇ ಚಹಾ ಮಾಡಿ ತಂದಿಟ್ಟಳು. ಗೌಡರು ಕಪ್ ಎತ್ತಿಕೊಂಡರು, ಬಾಯಿಗೆ ಹಚ್ಚಲಿಲ್ಲ.

“ನಮ್ಮ ಸಮಾಜ ಕೇಳಾಕಿ ನೀ. ಮೊದಲ ನಿಂದು ಹೇಳವ್ವ.”

ನಾನು ನಡುವೆ ಬಾಯಿ ಹಾಕಿದೆ. “ಅಕಿ ಓದೋ ಸಮಾಜ ಅದಲ್ಲ, ಗೌಡ್ರ. ಶಬ್ದ ಒಂದೇ, ಕೆಲಸ ಬ್ಯಾರೆ.”

“ಅಕ್ಕಾ, ನೀವು ಸುಮ್ಮನಿರ್ರಿ. ಅಕಿ ಹೇಳ್ಲಿ.”

ಅವಳಿಗೆ ಸುಳ್ಳು ಹೇಳುವ ದಾರಿ ಇತ್ತು. ಗೋವಾದವಳು, ಏನು ಹೇಳಿದ್ದರೂ ನಡೆಯುತ್ತಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ. ಅವಳು ನಿಂತುಕೊಂಡು, ನನಗೆ ಮೊದಲ ದಿನ ಹೇಳಿದ್ದನ್ನೇ ಹೇಳಿದಳು. ಬೌದ್ಧ ಸಮಾಜ, ಕೊಡಂಬಲ, ಮುತ್ಯಾನ ಕೂಲಿ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಗೌಡರು ಕಪ್ ಕೆಳಗಿಟ್ಟರು. ಅವರು ಇಟ್ಟದ್ದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಇಟ್ಟರು. ನಾನು ನನ್ನ ಚಹಾವನ್ನು ಬಸಿಗೆ ಹಾಕಿಕೊಂಡು, ಅವರ ಎದುರೇ ಸೊರ್ ಎಂದು ಕುಡಿದೆ.

“ಫೋನಿನಾಗ ತುಂಬಿದ್ದು ಅಳಸು,” ಎಂದರು ಗೌಡರು.

“ಅಳಸೂದಿಲ್ರಿ. ಹೇಳಿದವರು ನನ್ನ ನಂಬಿ ಹೇಳ್ಯಾರ. ಅವರು ಅಳಸು ಅಂದ್ರ ಅಳಸ್ತೀನಿ.”

“ಖೋಲಿ ಖಾಲಿ ಮಾಡಸ್ರಿ, ಅಕ್ಕಾ.”

“ಖೋಲಿ ನಂದು, ಗೌಡ್ರ. ಸುಣ್ಣಾ ನಾನೇ ಹಚ್ಚೀನಿ.”

ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಮುಗಿಯುತ್ತಿತ್ತೇನೋ... ಗೌಡರು ತಿರುಗಿ ಎದುರು ಮನೆಯತ್ತ ನೋಡಿದರು. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ ಗಂಡ ನಿಂತಿದ್ದ.

“ಅಳಸಿಬಿಡು, ನನ್ನವ್ವ,” ಎಂದಳು. “ನಂಗ ಮನ್ಯಾಗ ತ್ರಾಸ ಆಗ್ತದ.”

ಹುಡುಗಿ ಕಟ್ಟೆ ಇಳಿದು ಹೋಗಿ, ಫೋನನ್ನು ಆಕೆಗೆ ಕಾಣುವಂತೆ ಹಿಡಿದು, ಒಂದೊಂದಾಗಿ ಅಳಿಸಿದಳು. ಗೌಡರ ಕಡೆ ತಿರುಗಿಯೂ ನೋಡಲಿಲ್ಲ. ಎದುರು ಮನೆಯ ಬಾಗಿಲು ಮುಚ್ಚಿತು. ಇನ್ನು ಯಾವ ಬಾಗಿಲೂ ತೆರೆಯುವುದಿಲ್ಲ ಎಂದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು. ಖೋಲಿ ಉಳಿಸಿಕೊಟ್ಟೆ, ಮಾತು ಉಳಿಸಿಕೊಡುವುದು ನನ್ನ ಕೈಯಲ್ಲಿರಲಿಲ್ಲ. ಮಾತಿಲ್ಲದ ಮೇಲೆ ಖೋಲಿ ತಗೊಂಡು ಏನು ಮಾಡುತ್ತಾಳೆ? ಒಳಗೆ ಹೋಗಿ ಪುಸ್ತಕ ಕಟ್ಟತೊಡಗಿದಳು.

ಕೆಲವು ತಿಂಗಳ ಮೇಲೆ ಒಮ್ಮೆ ಫೋನು ಮಾಡಿದ್ದಳು. ಮೊದಲು ಕೇಳಿದ್ದು ಎದುರು ಮನೆಯಾಕೆ ಹೇಗಿದ್ದಾಳೆ ಎಂದು. ಆಮೇಲೆ ನಾನು ಓದಿನ ಬಗ್ಗೆ ಕೇಳಿದೆ.

“ಪಾಸಾದೆ, ಆಯಿ. ಸಮಾಜ ಬಿಟ್ಟುಬಿಟ್ಟೆ. ಬರೇ ಸಾಹಿತ್ಯ ಇಟ್ಕೊಂಡೀನಿ.”

ಆಮೇಲೆ ಆ ನಂಬರು ಹತ್ತಲೇ ಇಲ್ಲ. ಎಲ್ಲಿದ್ದಾಳೋ ತಿಳಿಯದು. ಆ ದೇಶದ ಹೆಂಗಸರ ಕಥೆ ಪುಸ್ತಕದಲ್ಲಿ ಉಳಿದಿದೆ, ಯಾರಾದರೂ ಓದುತ್ತಾರೆ. ಎದುರು ಮನೆಯಾಕೆ ಹೋದ ವರ್ಷ ತೀರಿಕೊಂಡಳು. ಮೂರನೇ ಮಾಳಿಗೆಯ ಕೂಸಿನ ಮಾತು ಈಗ ನನ್ನ ತಲೆಯಲ್ಲಿ ಬಿಟ್ಟರೆ ಮತ್ತೆಲ್ಲೂ ಇಲ್ಲ, ಆ ತಲೆಗೂ ವಯಸ್ಸಾಯಿತು. ಸೊಸೆ ಚಾವಿಯನ್ನು ಗುಜರಿಗೆ ಹಾಕಲೇ ಎಂದಳು. ಬೇಡ ಎಂದು ಮತ್ತೆ ಸಾಸಿವೆಯಲ್ಲೇ ಇಡಿಸಿದೆ.

ಗೌಡರು ಈಗಲೂ ಹಬ್ಬ ಹುಣ್ಣಿಮೆಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ತಮ್ಮ ಕಪ್ ಎಲ್ಲಿಂದ ಬರುತ್ತದೆ ಎಂದು ಅವರು ನೋಡುವುದಿಲ್ಲ.

ಅವಳು ಪುಸ್ತಕ ಕಟ್ಟಿದ ಮರುದಿನ ಬೆಳಿಗ್ಗೆ ನಾನು ಅವಳನ್ನು ಹುಮನಾಬಾದ್ ಬಸ್ಸಿಗೆ ಹತ್ತಿಸಿ ಮನೆಗೆ ಬಂದಾಗ ಆ ಕಪ್‌ಗಳು ಕಟ್ಟೆಯ ಮೇಲೆ ಹಾಗೆಯೇ ಇದ್ದವು. ಚಹಾ ಕೆನೆಗಟ್ಟಿ ಇರುವೆ ಮುತ್ತಿದ್ದವು. ಚೆಲ್ಲಿ ತೊಳೆದೆ. ಗೂಡಿನಲ್ಲಿದ್ದ ಅತ್ತೆಯ ಕಾಲದ ಹಿಡಿಕೆ ಮುರಿದ ಕಪ್ಪನ್ನು ತೆಗೆದು ತಿಪ್ಪೆಗೆ ಒಗೆದೆ. ಜೇಡನ ಬಲೆ ಗುಡಿಸಿ, ಗೌಡರು ಬಾಯಿಗೆ ಹಚ್ಚದೆ ಇಟ್ಟು ಹೋದ ಕಪ್ಪುಬಸಿಯನ್ನು ಆ ಗೂಡಿನಲ್ಲಿ ಬೋರಲು ಹಾಕಿದೆ.